ಫೋಟೋ ನೋಡಿದ ಕೂಡಲೇ ಪಾತರಗಿತ್ತಿಯ ಹೆಸರು ಹೇಳಬಾರದೇ?

“ಸರ್, ಈ ಪಾತರಗಿತ್ತಿ ಯಾವುದ್ರೀ? ಭಾಳ ಅಪರೂಪದ್ದ ಇರಬೇಕಲ್ರೀ?” ಮಳೆಗಾಲದಲ್ಲಿ ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ, ಭೀಮಗಡದ ಕಾಡುಗಳ ಕಡೆ ಹೋಗಿ ಬಂದ ಬೆಳಗಾವಿಯ ಗೆಳೆಯರು ಮೊಬೈಲಿನಲ್ಲಿ ತೆಗೆದ ಫೋಟೋ ಕಳಿಸಿ ಹೀಗೆ ಕೇಳುತ್ತಾರೆ. ನಾನು ಹೆಸರು ಹೇಳುವ ಮೊದಲು ಎಲ್ಲಿ ಕಂಡಿತು, ಯಾವ ತಿಂಗಳು, ರೆಕ್ಕೆ ಮಡಚಿ ಕುಳಿತಾಗಿನ ಫೋಟೋ ಇದೆಯೇ ಎಂದು ಮರುಪ್ರಶ್ನೆ ಹಾಕುತ್ತೇನೆ. ಆಗ ಬರುವ ಎರಡನೆಯ ಪ್ರಶ್ನೆಯೇ ಈ ಬರಹದ ತಲೆಬರಹ. ಕಾಡಿನ ಚಿಟ್ಟೆಗಳಲ್ಲಿ ರೆಕ್ಕೆಯ ಮೇಲ್ಮೈಯ ಬಣ್ಣವೊಂದನ್ನೇ ನಂಬಿ ಹೇಳಿದ ಹೆಸರು ನಿಲ್ಲುವುದು ಕಷ್ಟ ಎಂಬುದು ನನ್ನ ಉತ್ತರ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಲಬಾರ್ ರೋಸ್ ಎಂಬ ಚಿಟ್ಟೆಯನ್ನೇ ತೆಗೆದುಕೊಳ್ಳೋಣ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಇಲ್ಲ. ವೈಜ್ಞಾನಿಕ ಹೆಸರು ಪಾಕ್ಲಿಯೋಪ್ಟಾ ಪಾಂಡಿಯಾನಾ. ಕಪ್ಪು ರೆಕ್ಕೆ, ಹಿಂಬದಿಯ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು ಚುಕ್ಕೆಗಳು, ಒಂದು ಬಾಲ. ಆದರೆ ಇಷ್ಟೇ ವರ್ಣನೆ ಇನ್ನೆರಡು ಚಿಟ್ಟೆಗಳಿಗೂ ಹೊಂದುತ್ತದೆ. ಒಂದು ಊರ ಸುತ್ತಲೂ ಕಾಣಸಿಗುವ ಕಾಮನ್ ರೋಸ್, ಇನ್ನೊಂದು ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣು. ರೋಸ್ ಚಿಟ್ಟೆಗಳ ಮರಿಹುಳುಗಳು ಈಶ್ವರಿ ಬಳ್ಳಿ ಮತ್ತು ಅದೇ ಕುಟುಂಬದ ಗಿಡಗಳ ಎಲೆ ತಿಂದು ಆ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ನಮ್ಮ ಹಿತ್ತಲಿನ ಕರಿಬೇವು, ನಿಂಬೆಯ ಎಲೆ ತಿಂದು ಬೆಳೆಯುವ ಮಾರ್ಮನ್‌ಗೆ ಅಂಥ ವಿಷವಿಲ್ಲ; ರೋಸ್ ಚಿಟ್ಟೆಯ ವೇಷದಿಂದಲೇ ಅದರ ಹೆಣ್ಣು ಜೀವ ಉಳಿಸಿಕೊಳ್ಳುತ್ತದೆ.

ಹಾಗಾಗಿ ಇಂಥ ಫೋಟೋ ಬಂದಾಗ ನಾನು ಮೊದಲು ರೆಕ್ಕೆ ಬಿಟ್ಟು ಮೈ ನೋಡುತ್ತೇನೆ. ತಲೆ, ಎದೆಯ ಪಕ್ಕ, ಹೊಟ್ಟೆಯ ತುದಿ ಕೆಂಪಾಗಿದ್ದರೆ ಅದು ರೋಸ್. ಮೈ ಕಪ್ಪಾಗಿದ್ದರೆ ಮಾರ್ಮನ್. ಮುಂದಿನದು ಇನ್ನೂ ಸೂಕ್ಷ್ಮ. ಹಿಂಬದಿಯ ರೆಕ್ಕೆಯ ಬುಡದಿಂದ ನಡುವಿನವರೆಗೆ ನರಗಳು ಸುತ್ತುವರಿದ ಉದ್ದನೆಯ ಜಾಗವೊಂದಿದೆ, ಅದನ್ನು ಕೋಶ ಎನ್ನುತ್ತಾರೆ. ಕಾಮನ್ ರೋಸ್‌ನ ಬಿಳಿ ಬಹುಪಾಲು ಈ ಕೋಶದ ಹೊರಗೇ ಉಳಿಯುತ್ತದೆ, ಒಳಗೆ ಬಂದರೂ ಸಣ್ಣ ಗೀರಿನಷ್ಟು. ಮಲಬಾರ್ ರೋಸ್‌ನಲ್ಲಿ ಮಚ್ಚೆ ದೊಡ್ಡದಾಗಿದ್ದು ಕೋಶದೊಳಕ್ಕೂ ಹರಡಿರುತ್ತದೆ. ಒಂದೇ ಜಾತಿಯೊಳಗೂ ಮಚ್ಚೆಯ ಗಾತ್ರ ಹೆಚ್ಚುಕಡಿಮೆ ಆಗುವುದರಿಂದ ಸ್ಥಳವನ್ನೂ ಕೇಳಬೇಕಾಗುತ್ತದೆ. ನಮ್ಮ ಜಿಲ್ಲೆಯ ಪಶ್ಚಿಮದಲ್ಲಿ ಘಟ್ಟದ ದಟ್ಟ ಕಾಡಿದೆ, ಪೂರ್ವದಲ್ಲಿ ಗೋಕಾಕ, ರಾಮದುರ್ಗದ ಒಣ ಕುರುಚಲಿದೆ. ಕಣಕುಂಬಿಯ ಕಾಡಿನ ಫೋಟೋ ಎಂದರೆ ಮಲಬಾರ್ ರೋಸ್ ಇರಬಹುದೆಂದು ಮುಂದಿನ ಪರೀಕ್ಷೆಗೆ ಹೋಗುತ್ತೇನೆ. ಅದೇ ಫೋಟೋ ರಾಮದುರ್ಗದ ಹೊಲದ್ದು ಎಂದರೆ ಬಲವಾದ ಸಾಕ್ಷ್ಯ ಕೇಳುತ್ತೇನೆ.

ಈ ವೇಷದ ಬಲೆಗೆ ಹಿಂದಿನ ವಿದ್ವಾಂಸರೂ ಬಿದ್ದಿದ್ದರು. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಕಾಮನ್ ಮಾರ್ಮನ್‌ಗೆ ಹೆಸರಿಟ್ಟ ಮೇಲೆ, ಕ್ರಿಮ್ಸನ್ ರೋಸ್ ಚಿಟ್ಟೆಯನ್ನು ಹೋಲುವ ಅದರ ಹೆಣ್ಣನ್ನು ಕ್ರೇಮರ್ 1775ರಲ್ಲಿ ಬೇರೆಯದೇ ಜಾತಿಯೆಂದು ವಿವರಿಸಿದರು. ಹೀಗೆ ಬೇರೆ ಬೇರೆಯಾಗಿ ಕಾಣುವ ಹೆಣ್ಣುಗಳೆಲ್ಲ ಒಂದೇ ಜಾತಿಯವೆಂದು ವಾಲೇಸ್ 1865ರಲ್ಲಿ ತೋರಿಸಿಕೊಟ್ಟರು. ಆ ವೇಷಗಳನ್ನು ನಿಯಂತ್ರಿಸುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು ಚಿಟ್ಟೆ ಸಂಶೋಧಕ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಬಣ್ಣದ ಹಿಂದೆ ಇಷ್ಟೆಲ್ಲ ಇರುವಾಗ, ಫೋಟೋ ಹಾಕಿದ ಕ್ಷಣದಲ್ಲಿ ಹೆಸರು ಕೊಡುವ ಆ್ಯಪ್‌ಗಳನ್ನು ನಾನು ಆರಂಭದ ಸುಳಿವಿಗಷ್ಟೇ ಬಳಸುತ್ತೇನೆ.

ವರ್ಗೀಕರಣದ ಮೇಲಿನ ಮೆಟ್ಟಿಲುಗಳು ಇಷ್ಟು ಕಷ್ಟದವಲ್ಲ. ನಮ್ಮ ದೇಶದ ಚಿಟ್ಟೆಗಳಲ್ಲಿರುವುದು ಆರೇ ಕುಟುಂಬಗಳು. ನಾಲ್ಕೇ ಕಾಲುಗಳ ಮೇಲೆ ನಿಂತಂತೆ ಕಂಡರೆ, ಅಂದರೆ ಮುಂಗಾಲುಗಳು ಮೊಟಕಾಗಿ ಎದೆಗೆ ಅಂಟಿಕೊಂಡಿದ್ದರೆ, ಅದು ಹೆಚ್ಚಾಗಿ ನಿಂಫಾಲಿಡೇ ಕುಟುಂಬದ್ದು. ಹತ್ತಿರದ ಸಂಬಂಧದ ಜಾತಿಗಳ ಗುಂಪಾದ ಕುಲದವರೆಗೂ ಅಭ್ಯಾಸದಿಂದ ತಲುಪಬಹುದು. ಕೊನೆಯ ಮೆಟ್ಟಿಲಾದ ಜಾತಿಯಲ್ಲೇ ಕಾಲು ತಡವರಿಸುತ್ತದೆ.

ಕಾಡಿನ ನೆರಳಿನಲ್ಲಿ ನೆಲದ ಹತ್ತಿರ ಹಾರುವ ಕಂದು ಬಣ್ಣದ ಬುಶ್‌ಬ್ರೌನ್‌ಗಳು ಇದಕ್ಕೆ ಒಳ್ಳೆಯ ನಿದರ್ಶನ. ರೆಕ್ಕೆಯ ತಳಬದಿಯ ಕಣ್ಣುಮಚ್ಚೆಗಳು ಮಳೆಗಾಲದಲ್ಲಿ ದೊಡ್ಡದಾಗಿ ಎದ್ದು ಕಾಣುತ್ತವೆ, ಬೇಸಿಗೆಯಲ್ಲಿ ಚುಕ್ಕೆಯಷ್ಟಾಗುತ್ತವೆ. ಹಾಗಾಗಿ ಒಂದೇ ಜಾತಿಯ ಎರಡು ಚಿಟ್ಟೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಡಾರ್ಕ್‌ಬ್ರ್ಯಾಂಡ್, ಲಾಂಗ್‌ಬ್ರ್ಯಾಂಡ್ ಎಂಬ ಎರಡು ಜಾತಿಗಳನ್ನು ಬೇರ್ಪಡಿಸುವ ಮುಖ್ಯ ಗುರುತು ಗಂಡಿನ ಮುಂಬದಿಯ ರೆಕ್ಕೆಯ ತಳಬದಿಯಲ್ಲಿರುವ ಗಂಧದ ಹುರುಪೆಗಳ ಪಟ್ಟೆ. ಚಿಟ್ಟೆ ರೆಕ್ಕೆ ಮಡಚಿ ಕುಳಿತಾಗ ಹಿಂಬದಿಯ ರೆಕ್ಕೆ ಆ ಪಟ್ಟೆಯನ್ನು ಮುಚ್ಚಿಬಿಡುತ್ತದೆ. ಎಷ್ಟೇ ಬೆಲೆಯ ಕ್ಯಾಮೆರಾ ಇದ್ದರೂ ಮುಚ್ಚಿಹೋದ ಗುರುತು ಫೋಟೋದಲ್ಲಿ ಬರುವುದಿಲ್ಲ. ಪೊಟ್ಯಾಂಥಸ್ ಕುಲದ ಪುಟ್ಟ ಹಳದಿ ಚಿಟ್ಟೆಗಳಲ್ಲಂತೂ ಗಂಡಿನ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಜಾತಿ ನಿರ್ಧರಿಸಲು ಬರುವುದಿಲ್ಲ.

ಡಿಎನ್ಎ ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಕೋಸ್ಟರಿಕಾದ ಕಾಡಿನಲ್ಲಿ ಒಂದೇ ಜಾತಿ ಎಂದುಕೊಂಡಿದ್ದ ಆಸ್ಟ್ರಾಪ್ಟಿಸ್ ಫಲ್ಜರೇಟರ್ ಚಿಟ್ಟೆಯಲ್ಲಿ ಹತ್ತು ಜಾತಿಗಳಿವೆ ಎಂದು 2004ರಲ್ಲಿ ಡಿಎನ್ಎ ಬಾರ್‌ಕೋಡ್, ಅಂದರೆ ಜಾತಿ ಗುರುತಿಸಲು ಬಳಸುವ ಡಿಎನ್ಎಯ ಚಿಕ್ಕ ತುಣುಕಿನ ಆಧಾರದಿಂದ ಪ್ರಕಟವಾಯಿತು. ನಂತರ ಅದೇ ಮಾಹಿತಿಯನ್ನು ಮತ್ತೆ ವಿಶ್ಲೇಷಿಸಿದವರು ಅಷ್ಟು ಜಾತಿಗಳಿಗೆ ಆಧಾರ ಸಾಲದೆಂದು ವಾದಿಸಿದರು. ಆ ಅಧ್ಯಯನದ ನಿಜವಾದ ಬಲ ಇದ್ದದ್ದು ವರ್ಷಗಟ್ಟಲೆ ಮರಿಹುಳುಗಳನ್ನು ಸಾಕಿ, ಯಾವುದು ಯಾವ ಗಿಡ ತಿನ್ನುತ್ತದೆ ಎಂದು ಬರೆದಿಟ್ಟ ದಾಖಲೆಯಲ್ಲಿ ಎಂದು ನಾನು ತಿಳಿಯುತ್ತೇನೆ.

ಇನ್ನು ಅಪರೂಪದ ಮಾತು. ಟ್ರಾವಂಕೂರ್ ಈವ್ನಿಂಗ್ ಬ್ರೌನ್ ಬಹುಕಾಲ ಅತಿ ವಿರಳವೆಂದೇ ಹೆಸರಾಗಿತ್ತು. ಅದು ದಕ್ಷಿಣದ ಘಟ್ಟಗಳ ವಾಟೆ ಬಿದಿರಿನ ಮೆಳೆಗಳನ್ನೇ ನೆಚ್ಚಿಕೊಂಡು, ಮುಸ್ಸಂಜೆಯಲ್ಲಿ ಹಾರುವ ಚಿಟ್ಟೆ. ಸರಿಯಾದ ಮೆಳೆಯಲ್ಲಿ, ಸರಿಯಾದ ಹೊತ್ತಿನಲ್ಲಿ ಹುಡುಕಿದವರಿಗೆ ಅದು ಸಿಕ್ಕಿದೆ. ಆದ್ದರಿಂದ ಒಂದು ಚಿಟ್ಟೆ ಯಾರಿಗೂ ಕಂಡಿಲ್ಲ ಎಂದಾಗ, ಅದು ಹಾರುವ ಕಾಲದಲ್ಲಿ ಆ ಕಾಡಿಗೆ ಯಾರಾದರೂ ಹೋಗಿದ್ದರೇ ಎಂದು ಮೊದಲು ವಿಚಾರಿಸಬೇಕು. ಜೂನ್, ಜುಲೈನ ಖಾನಾಪುರದ ಮಳೆಯಲ್ಲಿ ಒಳಗಾಡಿಗೆ ಹೋಗುವವರು ಕಡಿಮೆ.

“ಹೊಸ ಜಾತಿ” ಎನ್ನಲು ಇನ್ನೂ ದೂರ ಹೋಗಬೇಕು. ಸಂಗ್ರಹಾಲಯಗಳಲ್ಲಿರುವ ಮೂಲ ಮಾದರಿಗಳೊಂದಿಗೆ, ಅಂದರೆ ಜಾತಿಗೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ಚಿಟ್ಟೆಗಳೊಂದಿಗೆ ಹೋಲಿಸಿ ನೋಡಬೇಕು, ಹೊಸ ಮಾದರಿಯೊಂದನ್ನು ಗೊತ್ತುಪಡಿಸಿ ವಿವರಣೆಯನ್ನು ಪ್ರಕಟಿಸಬೇಕು. 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡದಂಥ ಜಾಗದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಚಿಟ್ಟೆಯನ್ನೂ ಹಿಡಿಯುವಂತಿಲ್ಲ, ಹಿಡಿಯಲೂ ಬಾರದು.

ಹೀಗಾಗಿ ನನಗೆ ಫೋಟೋ ಕಳಿಸುವವರು ರೆಕ್ಕೆಯ ಎರಡೂ ಬದಿ, ಮೈಯ ಪಕ್ಕದ ನೋಟ, ಊರು, ತಾರೀಖು, ಕುಳಿತಿದ್ದ ಗಿಡ ಇಷ್ಟನ್ನು ಸೇರಿಸಿ ಕಳಿಸಲಿ. ಮೊಟ್ಟೆ ಇಡುವುದನ್ನು ಕಂಡಿದ್ದರೆ ಆ ಎಲೆಯ ಫೋಟೋ ಇನ್ನೂ ಒಳ್ಳೆಯದು. ಇಷ್ಟಾದ ಮೇಲೂ ಬುಶ್‌ಬ್ರೌನ್ ಆಗಿದ್ದರೆ ನಾನು ಬಹುಶಃ “ಮೈಕಲೆಸಿಸ್ ಕುಲ” ಎಂದಷ್ಟೇ ಬರೆದು ಜಾತಿಯ ಜಾಗವನ್ನು ಖಾಲಿ ಬಿಡುತ್ತೇನೆ. ಅದನ್ನು ದಯವಿಟ್ಟು ಪೂರ್ಣ ಉತ್ತರವೆಂದೇ ತಿಳಿಯಿರಿ; ಗಂಡಿನ ಆ ಪಟ್ಟೆ ಕಾಣುವ ಫೋಟೋ ಸಿಕ್ಕ ದಿನ ಮುಂದಿನದನ್ನು ತುಂಬೋಣ.