ಕಂಠ ಕೊಟ್ಟವರ ಹೆಸರು

ಯಕ್ಷಗಾನದ ಆಟಕ್ಕೆ ಮೈಕ್ ಕಟ್ಟುವುದರಲ್ಲಿ ಒಂದು ಕ್ರಮ ಇದೆ. ಮೊದಲು ಪದ್ಯ ಹಾಡುವ ಭಾಗವತರ ಮೈಕ್, ಆಮೇಲೆ ಮದ್ದಲೆ, ಚಂಡೆ. ವೇಷದವರ ಮಾತಿಗೆ ಇಡುವ ಮೈಕ್ ಕಡೆಗೆ. ತೀರ್ಥಹಳ್ಳಿ ಸುತ್ತಮುತ್ತ ಅಪ್ಪ ಮೈಕ್‌ಸೆಟ್ ನಡೆಸುತ್ತಿದ್ದ ಕಾಲದಿಂದ ನಮ್ಮಲ್ಲಿ ಇದು ತಪ್ಪಿಲ್ಲ. ಭಾಗವತರನ್ನು ಮೇಳದವರು ‘ಮೊದಲನೇ ವೇಷ’ ಎನ್ನುತ್ತಾರೆ. ಮುಖಕ್ಕೆ ಬಣ್ಣ ಇಲ್ಲ, ಕಾಲಿಗೆ ಗೆಜ್ಜೆ ಇಲ್ಲ, ತಲೆಗೆ ಮುಂಡಾಸು, ಕೈಯಲ್ಲಿ ತಾಳ. ಕೃಷ್ಣನ ಪದ್ಯವನ್ನೂ ಅವರೇ ಹಾಡಬೇಕು, ಕಂಸನದ್ದನ್ನೂ ಅವರೇ. ದಮಯಂತಿ ಕಾಡಿನಲ್ಲಿ ಅಳುವಾಗ ಆ ಅಳು ಬರುವುದೂ ಅವರ ಗಂಟಲಿನಿಂದಲೇ. ನಡುರಾತ್ರಿ ಒಬ್ಬರು ಭಾಗವತರು ಎದ್ದು ಇನ್ನೊಬ್ಬರು ಕೂರುತ್ತಾರೆ. ಅದೇ ಪಾತ್ರ, ಬೇರೆ ಕಂಠ. ಅಂಗಳದಲ್ಲಿ ಕಂಬಳಿ ಹೊದ್ದು ಕೂತವರಲ್ಲಿ ಒಬ್ಬರೂ ‘ಇದೇನು ದಮಯಂತಿಯ ದನಿ ಬದಲಾಯಿತಲ್ಲ’ ಎಂದದ್ದನ್ನು ನಾನು ಕೇಳಿಲ್ಲ.

ಇದನ್ನೆಲ್ಲ ಬರೆಯಲು ಕಾರಣ ನನ್ನ ಮಗಳು. ಕಾಲೇಜಿಗೆ ಹೋಗುವ ಹುಡುಗಿ. ಸಿನಿಮಾದಲ್ಲಿ ಒಬ್ಬರು ಹಾಡಿದ್ದಕ್ಕೆ ಇನ್ನೊಬ್ಬರು ಬಾಯಿ ಆಡಿಸುವುದು ಮೋಸ ಅಲ್ಲವಾ ಅಪ್ಪ ಎಂದು ಕೇಳಿದಳು. ಬೇರೆ ದೇಶಗಳಲ್ಲಿ ನಟರು ಹೀಗೆ ಮಾಡಿದರೆ ಜನ ಆಕ್ಷೇಪಿಸುತ್ತಾರಂತೆ. ಮೋಸ ಅಲ್ಲ ಎಂದೆ. ಆದರೆ ಅಷ್ಟು ಹೇಳಿ ನನಗೇ ಸಮಾಧಾನ ಆಗಲಿಲ್ಲ. ಕಂಠ ಬೇರೆಯವರದ್ದಾಗಿರುವುದು ಮೋಸ ಅಲ್ಲ, ಅದು ಯಾರ ಕಂಠ ಎಂದು ಹೇಳದೆ ಇರುವುದು ಅನ್ಯಾಯ.

ಮೊದಮೊದಲು ಸಿನಿಮಾದಲ್ಲೂ ಹೀಗೆ ಇರಲಿಲ್ಲ. 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಅದರಲ್ಲಿ ಪಾತ್ರ ಮಾಡಿದವರೇ ಹಾಡಿದರು, ನಾಟಕ ಕಂಪನಿಗಳಲ್ಲಿ ಹಾಡಿದ ಹಾಗೆ. ಆಗಿನ ಶೂಟಿಂಗ್ ಎಂದರೆ ಕ್ಯಾಮೆರಾ ಓಡುತ್ತಿರುವಾಗಲೇ ಹಾಡಬೇಕು, ವಾದ್ಯದವರು ಚಿತ್ರದಲ್ಲಿ ಕಾಣದ ಹಾಗೆ ಪಕ್ಕದಲ್ಲಿ ಅಡಗಿ ನುಡಿಸಬೇಕು. ಮೈಕ್‌ನಿಂದ ನಟ ದೂರ ಹೋದರೆ ದನಿ ಹೋಯಿತು. ಮೈಕ್ ಇಡುವವನಾಗಿ ಆ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ಬಂಗಾಳಿಯ ‘ಭಾಗ್ಯಚಕ್ರ’ಕ್ಕೆ ಹಾಡನ್ನು ಮೊದಲೇ ಮುದ್ರಿಸಿಕೊಂಡು ಶೂಟಿಂಗ್‌ನಲ್ಲಿ ಹಾಕಿ ಕೇಳಿಸಿದರು. ನಿರ್ದೇಶಕರು ನಿತಿನ್ ಬೋಸ್, ಸಂಗೀತ ಆರ್.ಸಿ. ಬೋರಾಲ್. ಅಲ್ಲಿಂದ ಹಾಡಲು ಬಾರದ ಮುಖಕ್ಕೂ ದಾರಿಯಾಯಿತು, ತೆರೆಯ ಮೇಲೆ ಬರಲಾಗದ ಕಂಠಕ್ಕೂ ದಾರಿಯಾಯಿತು.

ಹಾಡಲು ಬರುತ್ತಿದ್ದವರಿಗೂ ಬೇರೆ ಕಂಠ ಬಂತು ಎಂಬುದು ಕನ್ನಡದ ವಿಶೇಷ. ಡಾ. ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿ ಬಂದವರು, ರಂಗದ ಮೇಲೆ ಹಾಡುತ್ತಿದ್ದವರು. ಆದರೂ 1954ರ ‘ಬೇಡರ ಕಣ್ಣಪ್ಪ’ದಲ್ಲಿ ‘ಶಿವಪ್ಪ ಕಾಯೋ ತಂದೆ’ ಎಂದು ಅವರ ಬಾಯಿಂದ ಕೇಳುವ ದನಿ ಸಿ.ಎಸ್. ಜಯರಾಮನ್ ಅವರದ್ದು. ಆಮೇಲೆ ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್. ಆ ಮೆತ್ತನೆಯ, ಒಂದಿಷ್ಟೂ ಒತ್ತಡ ಇಲ್ಲದ ದನಿ ರಾಜ್ ಅವರ ಮುಖಕ್ಕೆ ಎಷ್ಟು ಹೊಂದಿಕೊಂಡಿತೆಂದರೆ, ಅದು ಅವರದ್ದೇ ದನಿ ಎಂದು ನಂಬಿದ ಹಿರಿಯರು ನಮ್ಮ ಊರಲ್ಲಿ ಬೇಕಾದಷ್ಟು ಜನ ಇದ್ದರು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ‘ಯಾರೇ ಕೂಗಾಡಲಿ’ ಹಾಡಿದ ಮೇಲೆ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. 1992ರ ‘ಜೀವನ ಚೈತ್ರ’ದ ‘ನಾದಮಯ’ಕ್ಕೆ ಅವರಿಗೆ ಬಂದ ರಾಷ್ಟ್ರ ಪ್ರಶಸ್ತಿ ಅತ್ಯುತ್ತಮ ಹಿನ್ನೆಲೆ ಗಾಯಕ ಎಂದು. ಆ ಹಾಡಿನ ಹಿನ್ನೆಲೆಯಲ್ಲೂ ಅವರೇ, ಮುನ್ನೆಲೆಯಲ್ಲೂ ಅವರೇ. ‘ನಾದಮಯ’ ಕೇಳಿದಾಗೆಲ್ಲ ನನಗೆ ಮೈ ಜುಂ ಎನ್ನುತ್ತದೆ. ಆದರೂ ಪಿ.ಬಿ.ಎಸ್. ಅವರ ದನಿ ರಾಜ್ ಸಿನಿಮಾಗಳಿಂದ ಸರಿದದ್ದರ ಬೇಸರ ಅಪ್ಪನಿಗೆ ಕೊನೆಯವರೆಗೂ ಇತ್ತು, ನನಗೂ ಇದೆ.

ಅಪ್ಪ ಸಿನಿಮಾ ನೋಡಿದ್ದು ತುಂಬ ಕಡಿಮೆ. ಆದರೆ ಹಾಡಿದವರೆಲ್ಲ ಅವರಿಗೆ ಗೊತ್ತು. ಮದುವೆ ಮನೆಯಲ್ಲಿ ಚಪ್ಪರ ಏಳುವ ಮೊದಲೇ ನಮ್ಮ ಹಾರ್ನ್ ಹಲಸಿನ ಮರ ಏರಬೇಕಿತ್ತು. ಅದರ ಸದ್ದು ಗುಡ್ಡದಾಚೆಯ ಮನೆಗೆ ಕೇಳಿದರೇ ಮದುವೆ ಇದೆ ಎಂದು ಲೆಕ್ಕ. ಆಂಪ್ಲಿಫೈಯರ್ ಪಕ್ಕದಲ್ಲಿ ಗ್ರಾಮಫೋನ್ ಪ್ಲೇಟುಗಳ ಪೆಟ್ಟಿಗೆ. ಪ್ರತಿ ಪ್ಲೇಟಿನ ನಡುವೆ ಅಂಟಿಸಿದ ದುಂಡು ಕಾಗದದ ಮೇಲೆ ಚಿತ್ರದ ಹೆಸರು, ಸಂಗೀತ ಕೊಟ್ಟವರ ಹೆಸರು, ಹಾಡಿದವರ ಹೆಸರು. ನಟರ ಹೆಸರಿಗೆ ಅಲ್ಲಿ ಜಾಗ ಇರಲಿಲ್ಲ. ಹಾಗಾಗಿ ಅಪ್ಪನ ಲೆಕ್ಕದಲ್ಲಿ ಸಿನಿಮಾ ಎಂದರೆ ಶ್ರೀನಿವಾಸ್, ಜಾನಕಿ, ಸುಶೀಲಾ, ಘಂಟಸಾಲ. ಯಾರಾದರೂ ‘ಆ ರಾಜ್‌ಕುಮಾರ್ ಹಾಡು ಹಾಕಿ ಭಟ್ರೇ’ ಎಂದರೆ, ‘ಪಿ.ಬಿ. ಶ್ರೀನಿವಾಸ್ ಹಾಡಿದ್ದು ಹಾಕ್ತೀನಿ’ ಎಂದು ಹೇಳಿಯೇ ಮುಳ್ಳು ಇಡುತ್ತಿದ್ದರು.

ಪ್ಲೇಟಿನ ಮೇಲೆ ಆ ಹೆಸರು ಬರಲಿಕ್ಕೂ ಹೋರಾಡಬೇಕಾಯಿತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 1949ರ ಹಿಂದಿ ಸಿನಿಮಾ ‘ಮಹಲ್’ನಲ್ಲಿ ಮಧುಬಾಲಾ ಅವರಿಗೆ ಲತಾ ಮಂಗೇಶ್ಕರ್ ಹಾಡಿದ ‘ಆಯೇಗಾ ಆನೇವಾಲಾ’ ಪ್ಲೇಟಿನ ಮೇಲೆ ಮೊದಲು ಅಚ್ಚಾಗಿದ್ದ ಹೆಸರು ‘ಕಾಮಿನಿ’. ಅದು ಸಿನಿಮಾದ ಪಾತ್ರದ ಹೆಸರು! ಹಾಡಿದವರು ಯಾರು ಎಂದು ಕೇಳುಗರು ರೇಡಿಯೋಗೆ ಬರೆದು ಬರೆದು ಕೇಳಿದ ಮೇಲೆ ಲತಾ ಹೆಸರು ಹೊರಗೆ ಬಂತು. ನಮ್ಮ ಕಡೆ ಆ ಉಪಕಾರ ಮಾಡಿದ್ದು ಭದ್ರಾವತಿ ಆಕಾಶವಾಣಿ. ಚಿತ್ರಗೀತೆ ಹಾಕುವ ಮೊದಲು ಚಿತ್ರ, ರಚನೆ, ಸಂಗೀತ, ಹಾಡಿದವರು ಎಂದು ನಿಧಾನವಾಗಿ, ಸ್ಪಷ್ಟವಾಗಿ ಓದುತ್ತಿದ್ದರು. ಅಡಿಕೆ ಸುಲಿಯುತ್ತ ಕೂತ ಹೆಂಗಸರಿಗೆ ಆ ಹೆಸರುಗಳೆಲ್ಲ ಬಾಯಿಪಾಠ. ನನ್ನ ಅತ್ತೆ ಶಾಲೆಗೆ ಹೋದವರಲ್ಲ. ಆದರೆ ಹಾಡಿನ ಮೊದಲ ಸಾಲು ಕೇಳಿದರೆ ಇದು ಜಾನಕಿ, ಇದು ವಾಣಿ ಜಯರಾಂ ಎಂದು ತಪ್ಪದೆ ಹೇಳುತ್ತಿದ್ದರು.

ಮುಖ ಮತ್ತು ಕಂಠ ಸೇರುವುದು ಹೇಗೆ ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 1972ರ ‘ನಾಗರಹಾವು’. ವಿಷ್ಣುವರ್ಧನ್ ಒಬ್ಬರೇ. ‘ಬಾರೇ ಬಾರೇ’ ಎಂದು ಕರೆಯುವಾಗ ದನಿ ಪಿ.ಬಿ. ಶ್ರೀನಿವಾಸ್ ಅವರದ್ದು, ‘ಹಾವಿನ ದ್ವೇಷ’ ಎಂದು ಉರಿಯುವಾಗ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದ್ದು. ಒಂದೇ ಸಿನಿಮಾ, ಒಂದೇ ಮುಖ, ಎರಡು ಗಂಟಲು. ರಾಮಾಚಾರಿ ಎರಡು ತುಂಡಾದ ಎಂದು ಯಾರಿಗಾದರೂ ಅನ್ನಿಸಿತೇ? ಪ್ರೀತಿಗೆ ಒಂದು ಕಂಠ, ಸಿಟ್ಟಿಗೆ ಒಂದು ಕಂಠ. ನಡುರಾತ್ರಿ ಭಾಗವತರು ಬದಲಾದಾಗ ಆಗುವುದೂ ಇದೇ. ಕಂಠ ಸೇರುವುದು ಭಾವಕ್ಕೆ, ಮುಖಕ್ಕಲ್ಲ ಎಂದು ನನಗೆ ಖಾತ್ರಿಯಾದದ್ದು ಈ ಸಿನಿಮಾದಿಂದ.

‘ಬಾರೇ ಬಾರೇ’ ನಿಧಾನಗತಿಯಲ್ಲಿ ತೆಗೆದ ಹಾಡು. ಅದರ ಹಿಂದಿನ ಕೆಲಸ ಎಂಥದ್ದು ಎಂದು ನನಗೆ ತಿಳಿದದ್ದು ಆಗುಂಬೆ ಹತ್ತಿರ ಒಂದು ಸಿನಿಮಾ ತಂಡ ಹಾಡು ತೆಗೆಯಲು ಬಂದಾಗ. ಅವರ ಸ್ಪೀಕರ್ ಮಳೆಗೆ ನೆನೆದು ಕೆಟ್ಟಿತ್ತು, ನಮ್ಮ ಬಾಕ್ಸ್ ಬೇಕಾಯಿತು. ನಿಧಾನಗತಿಯ ಶಾಟ್‌ಗೆ ಕ್ಯಾಮೆರಾ ಎರಡು ಪಟ್ಟು ವೇಗದಲ್ಲಿ ಓಡುತ್ತದೆ, ಹಾಡನ್ನೂ ಎರಡು ಪಟ್ಟು ವೇಗದಲ್ಲಿ ಹಾಕಬೇಕು. ನಟ ಆ ಓಟದ ಹಾಡಿಗೆ ತುಟಿ ಹೊಂದಿಸಬೇಕು. ಆಮೇಲೆ ತೆರೆಯ ಮೇಲೆ ಎಲ್ಲ ನಿಧಾನವಾದಾಗ ತುಟಿ ಮಾತ್ರ ಹಾಡಿನ ಜೊತೆ ಸರಿಯಾಗಿ ಕೂರುತ್ತದೆ. ಚೀಂವ್ ಚೀಂವ್ ಎಂದು ಓಡುವ ಆ ಹಾಡಿಗೆ ಮುಖದಲ್ಲಿ ವಿರಹ ತರುವುದು ಸಣ್ಣ ಕೆಲಸವಲ್ಲ.

ಇನ್ನೊಂದನ್ನೂ ಅಲ್ಲೇ ನೋಡಿದೆ. ನಟ ಬರೀ ತುಟಿ ಆಡಿಸುತ್ತಿರಲಿಲ್ಲ, ಗಟ್ಟಿಯಾಗಿ ಹಾಡುತ್ತಿದ್ದರು. ಶ್ರುತಿ ಎಲ್ಲೋ, ಹಾಡು ಎಲ್ಲೋ. ಅದರ ಕಾರಣವನ್ನು ಸಹಾಯಕ ನಿರ್ದೇಶಕರು ಹೇಳಿದರು: ಸುಮ್ಮನೆ ಬಾಯಿ ತೆರೆದರೆ ಕುತ್ತಿಗೆಯ ನರ ಏಳುವುದಿಲ್ಲ, ಎದೆಗೆ ಉಸಿರು ತುಂಬುವುದಿಲ್ಲ, ನೋಡುವವರಿಗೆ ಸುಳ್ಳು ಗೊತ್ತಾಗುತ್ತದೆ. ಅಂದರೆ ಮದ್ರಾಸಿನಲ್ಲೋ ಬೆಂಗಳೂರಿನಲ್ಲೋ ಮುಚ್ಚಿದ ಕೋಣೆಯಲ್ಲಿ ಗಾಯಕರು ಎಲ್ಲಿ ಉಸಿರು ಎಳೆದರೋ ಅಲ್ಲೇ ಇವರೂ ಎಳೆಯಬೇಕು. ಪರಸ್ಪರ ಮುಖ ನೋಡದ ಇಬ್ಬರು ಒಂದೇ ಉಸಿರಿನಲ್ಲಿ ಸೇರುತ್ತಾರೆ. ಇದನ್ನು ಮೋಸ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ ದಿನ ಶೂಟಿಂಗ್ ನೋಡಲು ಬಂದಿದ್ದ ಅಜ್ಜಿಯೊಬ್ಬರು ನನ್ನ ಬಾಕ್ಸ್ ಹತ್ತಿರ ಬಂದು ಕೇಳಿದರು: ‘ಹಾಡ್ದೋರು ಎಲ್ಲಿದಾರೆ ತಮ್ಮಾ?’ ಅವರು ಬಂದಿಲ್ಲ ಅಮ್ಮ, ಅವರ ದನಿ ಮಾತ್ರ ಬಂದಿದೆ ಎಂದೆ. ‘ಅಯ್ಯೋ, ಭಾಗವತ್ರು ಇಲ್ದೆ ಎಂಥ ಆಟ!’ ಎಂದರು. ತೀರಾ ಸಹಜವಾಗಿ ಹೇಳಿದ ಮಾತು. ಆದರೆ ನನ್ನ ಮಗಳ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಹಾಡುವವರು ಕಂಡರೆ ಪಾತ್ರದ ಮೇಲಿನ ನಂಬಿಕೆ ಹೋಗುತ್ತದೆ ಎಂದು ಸಿನಿಮಾದವರು ಎಣಿಸಿದರು. ಮಲೆನಾಡಿನ ಜನ ತಲೆತಲಾಂತರದಿಂದ ಹಾಡುವವರನ್ನು ಕಣ್ಣೆದುರೇ ನೋಡುತ್ತ ಕೃಷ್ಣನನ್ನೂ ನಂಬಿದ್ದಾರೆ. ಬರೀ ಭಾಗವತಿಕೆ ಕೇಳಲಿಕ್ಕೆಂದೇ ಗುಡ್ಡ ಹತ್ತಿ ಇಳಿದು ಬರುತ್ತಿದ್ದವರು ಎಷ್ಟು ಜನ! ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡರು. ಇವತ್ತಿಗೂ ಅವರ ಪದ್ಯ ಹಾಕಿದರೆ ನನ್ನ ಅಂಗಡಿ ಮುಂದೆ ಬೈಕ್ ನಿಲ್ಲಿಸಿ ಕೇಳುವವರಿದ್ದಾರೆ.

ಒಂದೇ ಮೈಯಿಂದ ಹಾಡೂ ಕುಣಿತವೂ ಬರುವುದರ ಸೊಗಸು ಬೇರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹೆಗ್ಗೋಡಿನ ನೀನಾಸಂ ನಾಟಕಗಳಲ್ಲಿ ನಟರೇ ಹಾಡುತ್ತಾರೆ. ಓಡಿ ಬಂದು ಏದುಸಿರಿನಲ್ಲೇ ಸಾಲು ಎತ್ತಿಕೊಳ್ಳುತ್ತಾರೆ, ದನಿ ಒಡೆಯುತ್ತದೆ, ಆ ಒಡಕೇ ಎದೆಗೆ ನಾಟುತ್ತದೆ. ಪುಟ್ಟ ಪುನೀತ್ ‘ಬೆಟ್ಟದ ಹೂವು’ವಿನಲ್ಲಿ ‘ಬಿಸಿಲೇ ಇರಲಿ ಮಳೆಯೇ ಬರಲಿ’ ಎಂದು ತಾನೇ ಹಾಡಿದಾಗ ಆದದ್ದೂ ಅದೇ. ಪಳಗಿದ ಗಾಯಕರೊಬ್ಬರು ಆ ಹುಡುಗನಿಗೆ ಹಾಡಿದ್ದರೆ ಅದು ಬರುತ್ತಿರಲಿಲ್ಲ.

ನಾನು ಒಪ್ಪದೇ ಇರುವುದು ಈಗಿನ ರಸಮಂಜರಿಗಳಲ್ಲಿ ನಡೆಯುವುದನ್ನು. ಗಾಯಕರೆಂದು ಕರೆಸಿದವರೇ ತಮ್ಮ ಮುದ್ರಿತ ದನಿಯನ್ನು ಪೆನ್‌ಡ್ರೈವ್‌ನಲ್ಲಿ ತಂದು, ಅದನ್ನು ಹಾಕಿಸಿ, ಸತ್ತ ಮೈಕ್ ಹಿಡಿದು ಬಾಯಿ ಆಡಿಸುತ್ತಾರೆ. ನಟ ಬಾಯಿ ಆಡಿಸಿದರೆ ಅದು ಪಾತ್ರ. ಗಾಯಕ ಆಡಿಸಿದರೆ ಅದೇನು? ವಾದ್ಯಗಳು ಮಾತ್ರ ಇರುವ ಟ್ರ್ಯಾಕ್ ತನ್ನಿ, ಶ್ರುತಿ ತಪ್ಪಿದರೂ ಚಿಂತೆ ಇಲ್ಲ, ನಿಮ್ಮ ಮೈಕ್ ನಾನು ತೆರೆದೇ ಇಡುತ್ತೇನೆ ಎಂದು ಮುಂಗಡ ತೆಗೆದುಕೊಳ್ಳುವಾಗಲೇ ಹೇಳುತ್ತೇನೆ. ಇದರಿಂದ ಕೆಲವು ಕಾರ್ಯಕ್ರಮ ಕೈತಪ್ಪಿವೆ. ತಪ್ಪಲಿ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಈಗ ಮೊಬೈಲ್‌ನಲ್ಲಿ ಹಳೆಯ ಹಾಡು ಹುಡುಕಿದರೆ ಮೇಲೆ ದೊಡ್ಡದಾಗಿ ನಟ, ನಟಿಯರ ಹೆಸರು. ಗಾಯಕರನ್ನು ಹುಡುಕಲು ಕೆಳಗೆ ಒತ್ತಿ ಒತ್ತಿ ಹೋಗಬೇಕು, ಎಷ್ಟೋ ಸಲ ಅಲ್ಲೂ ಇರುವುದಿಲ್ಲ. ಹಾಡು ಬರೆದವರಂತೂ ಮಾಯ. ನಮ್ಮದೇ ಜಿಲ್ಲೆಯ ಹುಡುಗರನ್ನು ಕೇಳಿ ನೋಡಿ, ಕನ್ನಡಿಗರಲ್ಲಿ ಹಿನ್ನೆಲೆ ಗಾಯನಕ್ಕೆ ಮೊದಲ ರಾಷ್ಟ್ರ ಪ್ರಶಸ್ತಿ ಪಡೆದವರು ಯಾರು ಎಂದು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ, ವಕೀಲರಾಗಿದ್ದ ಶಿವಮೊಗ್ಗ ಸುಬ್ಬಣ್ಣ. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ‘ಕಾಡು ಕುದುರೆ ಓಡಿ ಬಂದಿತ್ತಾ’ ಹಾಡಿಗೆ, 1978ರ ಸಾಲಿನ ಪ್ರಶಸ್ತಿ. ಆ ಹಾಡಿನ ಓಟ, ಆ ತುಂಬು ಗಂಟಲು, ಅಕ್ಷರ ಅಕ್ಷರಕ್ಕೂ ಕೊಟ್ಟ ತೂಕ! 2022ರ ಆಗಸ್ಟ್‌ನಲ್ಲಿ ಅವರು ಹೋದ ದಿನ ಅಂಗಡಿಯಲ್ಲಿ ಆ ಒಂದೇ ಹಾಡು ಹಾಕಿದ್ದೆ. ಯಾವ ಸಿನಿಮಾದ್ದು, ಹೀರೋ ಯಾರು ಎಂದು ಒಬ್ಬ ಹುಡುಗ ಕೇಳಿದ. ಹಾಡಿದವರು ಸುಬ್ಬಣ್ಣ, ಬರೆದವರು ಕಂಬಾರರು ಎಂದು ಮೊದಲು ಹೇಳಿ, ಆಮೇಲೆ ಸಿನಿಮಾದ ಹೆಸರು ಹೇಳಿದೆ.

ಗಣಪತಿ ಹಬ್ಬಕ್ಕೆ ನಮ್ಮ ಮೈಕ್ ಹೋಗುವ ಕಡೆಗಳಿಗೆಲ್ಲ ಈ ಸಲ ಹಾಡಿನ ಪಟ್ಟಿಯನ್ನು ಬರೆದೇ ಕೊಡುತ್ತಿದ್ದೇನೆ. ಪ್ರತಿ ಹಾಡಿನ ಮುಂದೆ ಹಾಡಿದವರು, ಬರೆದವರು, ಸಂಗೀತ ಕೊಟ್ಟವರು. ಹಾಡು ಹಾಕುವ ಮೊದಲು ಅದನ್ನು ಓದಬೇಕು ಎಂದು ಪೆಂಡಾಲಿನ ಹುಡುಗರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ಅಪ್ಪನ ಪೆಟ್ಟಿಗೆಯ ಪ್ಲೇಟುಗಳನ್ನು ಮಗಳು ಕಂಪ್ಯೂಟರಿಗೆ ಇಳಿಸುತ್ತಿದ್ದಾಳೆ. ಕೆಲವು ಪ್ಲೇಟುಗಳ ಕಾಗದ ಗೆದ್ದಲು ತಿಂದು ಹೆಸರು ಹೋಗಿದೆ. ಹಾಡು ಮಾತ್ರ ಸರಿಯಾಗಿ ಬರುತ್ತದೆ. ಅದರಲ್ಲಿ ಒಂದು ಭಕ್ತಿಗೀತೆಯ ಹೆಣ್ಣುದನಿ ಯಾರದ್ದೆಂದು ನಮಗೆ ಗೊತ್ತಾಗಿಲ್ಲ, ಅತ್ತೆ ಇದ್ದಿದ್ದರೆ ಹೇಳುತ್ತಿದ್ದರು. ಹಳೆಯ ಹಾಡು ಬಲ್ಲವರು ತೀರ್ಥಹಳ್ಳಿ ಕಡೆ ಬಂದರೆ ಅಂಗಡಿಗೆ ಬನ್ನಿ. ಕೇಳಿ, ಹೆಸರು ಗೊತ್ತಿದ್ದರೆ ಹೇಳಿ. ಪ್ಲೇಯರಿಗೆ ಹೊಸ ಮುಳ್ಳು ಹಾಕಿಸಿದ್ದೇನೆ.