ಸಾಲಿನ ಬಾಲದಲ್ಲಿ ಯಾರು ನಿಂತಿದ್ದಾರೆ?

2025ರ ಜೂನ್ 4ರಂದು, ಆರ್‌ಸಿಬಿಯ ಐಪಿಎಲ್ ವಿಜಯೋತ್ಸವದ ದಿನ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದ ಮೇಲೆ ಎಲ್ಲೆಲ್ಲೂ ಕೇಳಿಬಂದ ಮಾತು, "ನಮ್ಮ ಜನಕ್ಕೆ ಶಿಸ್ತೇ ಇಲ್ಲ". ಗೇಟ್ ಡ್ಯೂಟಿ ಮಾಡುವವರಿಗೆ ಇದು ಇಂದಿಗೂ ಚುಚ್ಚುತ್ತದೆ. ಸುಮಾರು 35 ಸಾವಿರ ಮಂದಿ ಕೂರುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದರು. ಮೆರವಣಿಗೆ ಇದೆಯೋ ಇಲ್ಲವೋ, ಪಾಸ್ ಬೇಕೋ ಬೇಡವೋ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಏನೂ ತಿಳಿಸದೆ ನಿಲ್ಲಿಸಿದ ಜನರಿಂದ ಸಭ್ಯತೆ ಕೇಳುವ ಹಕ್ಕು ಯಾರಿಗೂ ಇಲ್ಲ.

ಗೇಟಿನ ಲೆಕ್ಕ ಸರಳ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿ ಒಂದು ಟರ್ನ್‌ಸ್ಟೈಲಿಗೆ (ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟು) ಗಂಟೆಗೆ ಗರಿಷ್ಠ 660 ಜನ ಎಂದು ಹಿಡಿಯುತ್ತದೆ. ಅಂದರೆ ನಿಮಿಷಕ್ಕೆ 11. ನಾಲ್ಕು ಟರ್ನ್‌ಸ್ಟೈಲ್ ಇದ್ದರೆ ಅರ್ಧ ಗಂಟೆಗೆ 1,320. ಒಂದು ಸ್ಕ್ಯಾನರ್ ಕೈಕೊಟ್ಟರೆ 990. ಫ್ರಿಸ್ಕಿಂಗ್, ಅಂದರೆ ಮೈ ತಪಾಸಣೆ, ನಿಧಾನವಾದರೆ ಇನ್ನೂ ಕಡಿಮೆ. ಬಿಸಿಲಲ್ಲಿ ಮೊಬೈಲ್ ಪರದೆ ಮಂಕಾಗಿ ಕ್ಯೂಆರ್ ಓದದು. ಅಷ್ಟು ಜನ ಒಟ್ಟಿಗೆ ಫೋನ್ ತೆಗೆದಾಗ ನೆಟ್‌ವರ್ಕ್ ಬಿದ್ದು ಟಿಕೆಟ್ಟೇ ತೆರೆಯದು. ಸ್ಕ್ರೀನ್‌ಶಾಟ್ ನಡೆಯುತ್ತದೋ ಇಲ್ಲವೋ ಎಂದು ಸಂಘಟಕರು ಮೊದಲೇ ಹೇಳಿರುವುದಿಲ್ಲ. ಬೈಗುಳ ತಿನ್ನುವುದು ಮಾತ್ರ ಗೇಟಿನ ಹುಡುಗ.

ಐಪಿಎಲ್ ಸಂಜೆ ಪಂದ್ಯದಲ್ಲಿ ನಿಜವಾದ ಪರೀಕ್ಷೆ 7.20ರಿಂದ 7.40ರವರೆಗೆ. ಟಾಸ್ ಮುಗಿದಿರುತ್ತದೆ, ಆಫೀಸಿನಿಂದ ಓಡಿ ಬಂದವರೆಲ್ಲ ಮೆಟ್ರೋ ಇಳಿದು ಒಟ್ಟಿಗೆ ಗೇಟಿಗೆ ಬರುತ್ತಾರೆ. 7.30ಕ್ಕೆ ಮೊದಲ ಎಸೆತ, ಒಳಗಿಂದ ಹೋ ಎಂಬ ಕೂಗು. ಆ ಕೂಗಿಗೆ ಸಾಲಿನ ಹಿಂದಿರುವವರು ಒಂದೊಂದು ಹೆಜ್ಜೆ ಮುಂದಿಡುತ್ತಾರೆ, ಅಷ್ಟೆ. ಮುಂದಿನವರ ಎದೆ ಬ್ಯಾರಿಕೇಡಿಗೆ ಒತ್ತಿಕೊಂಡಿರುವುದು ಅವರಿಗೆ ಕಾಣುವುದಿಲ್ಲ. ಚದರ ಮೀಟರಿಗೆ ನಾಲ್ಕು ಜನರವರೆಗೆ ಮನುಷ್ಯ ತನ್ನಿಷ್ಟಕ್ಕೆ ಹೆಜ್ಜೆ ಇಡಬಲ್ಲ. ಆರು ಏಳು ಆದರೆ ಗುಂಪು ನೀರಿನಂತೆ ಅಲೆಯಾಗಿ ಚಲಿಸುತ್ತದೆ, ನಿಂತವನ ಕಾಲು ಅವನ ಮಾತು ಕೇಳುವುದಿಲ್ಲ. ಆಗ ಒಳ್ಳೆಯವನೂ ತಳ್ಳುತ್ತಾನೆ, ಏಕೆಂದರೆ ಅವನನ್ನೂ ತಳ್ಳಲಾಗುತ್ತಿದೆ.

ಆ ಹೊತ್ತಿಗೆ ಗೇಟಿನಲ್ಲಿ ನಿಂತು "ತಳ್ಬೇಡ್ರೀ" ಎಂದು ಕಿರುಚಿದರೆ ಕೇಳಿಸುವುದು ತಳ್ಳಿಸಿಕೊಳ್ಳುತ್ತಿರುವವರಿಗೆ. ಮೆಗಾಫೋನ್ ಹಿಡಿದವರು ಸಾಲಿನ ಬಾಲದಲ್ಲಿರಬೇಕು. "ಅಣ್ಣಾ, ಒಂದು ಸ್ಕ್ಯಾನರ್ ಕೆಟ್ಟಿದೆ, ಒಳಗೆ ಹೋಗೋಕೆ ಇನ್ನೂ ಇಪ್ಪತ್ತು ನಿಮಿಷ ಆಗುತ್ತೆ, ಎರಡು ಹೆಜ್ಜೆ ಹಿಂದೆ ಬನ್ನಿ" ಎಂದು ನಿಜ ಹೇಳಿದರೆ ಜನ ಹಿಂದೆ ಬರುತ್ತಾರೆ. "ಐದೇ ನಿಮಿಷ" ಎಂದು ಸುಳ್ಳು ಹೇಳಿದರೆ ಆರನೇ ನಿಮಿಷಕ್ಕೆ ನಂಬಿಕೆ ಹೋಗುತ್ತದೆ. ತಪ್ಪು ಗೇಟಿಗೆ ಬಂದವರು ವಾಪಸ್ ಹೋಗಲು ಬ್ಯಾರಿಕೇಡಿನ ಪಕ್ಕ ಒಂದು ಮೀಟರಾದರೂ ದಾರಿ ಬಿಡಬೇಕು. ಬಿಡದಿದ್ದರೆ ಅವರು ಸಾಲಿನ ಎದುರಿಗೇ ನುಗ್ಗಬೇಕಾಗುತ್ತದೆ, ಜಗಳ ಹುಟ್ಟುವುದೇ ಅಲ್ಲಿ.

ಸ್ಟ್ಯಾಂಡಿನೊಳಗೂ ಇದೇ ಕಥೆ. 1999ರ ಜನವರಿ 31ರಂದು ಚೆನ್ನೈ ಟೆಸ್ಟ್‌ನಲ್ಲಿ ಭಾರತದ ವಿರುದ್ಧ ಪಾಕಿಸ್ತಾನ 12 ರನ್‌ಗಳಿಂದ ಗೆದ್ದಾಗ ಇಡೀ ಚೆಪಾಕ್ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ತಿಂಗಳೇ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ, ಅದೇ ಎದುರಾಳಿಯ ವಿರುದ್ಧ, ಶೋಯೆಬ್ ಅಖ್ತರ್‌ಗೆ ಡಿಕ್ಕಿಯಾಗಿ ಸಚಿನ್ ರನೌಟ್ ಆದಾಗ ಗಲಭೆಯೆದ್ದಿತು. ಸಚಿನ್ ಸ್ವತಃ ಮೈದಾನ ಸುತ್ತಿ ಕೇಳಿಕೊಂಡ ಮೇಲೆ ಆಟ ಮುಂದುವರಿಯಿತು. ಕೊನೆಯ ದಿನ ಮತ್ತೆ ಗಲಾಟೆಯಾಗಿ, ಖಾಲಿ ಸ್ಟ್ಯಾಂಡುಗಳ ಮುಂದೆ ಪಂದ್ಯ ಮುಗಿಯಿತು. ಚೆನ್ನೈನವರು ಸಭ್ಯರು, ಕೋಲ್ಕತ್ತದವರು ಒರಟರು ಎನ್ನುವುದು ಸೋಮಾರಿ ತೀರ್ಪು. ಚೆಪಾಕ್‌ನಲ್ಲಿ ಸೋಲು ಎಲ್ಲರ ಕಣ್ಣೆದುರೇ, ಅನುಮಾನವಿಲ್ಲದೆ ಆಯಿತು. ಈಡನ್‌ನಲ್ಲಿ ಅನ್ಯಾಯವಾಯಿತು ಎಂಬ ಗುಮಾನಿ ಉಳಿಯಿತು. ಬಾಟಲಿ ಎಸೆದದ್ದು ಖಂಡಿತ ತಪ್ಪು. ಆದರೆ ಗುಮಾನಿಯನ್ನು ಬೇಗ ಬಗೆಹರಿಸುವುದು ಪಂದ್ಯ ನಡೆಸುವವರ ಕೆಲಸ.

ಪಂದ್ಯಕ್ಕೆ ಮುಂಚಿನ ಬ್ರೀಫಿಂಗ್‌ನಲ್ಲಿ ಮ್ಯಾನೇಜ್‌ಮೆಂಟ್ ಕೇಳುವುದು ಬೌನ್ಸರ್‌ಗಳು ಎಷ್ಟು ಎಂದು. ಗೇಟಿಗೆ ಎರಡು ಮೆಗಾಫೋನ್, ಬದಲಿ ಬ್ಯಾಟರಿ, ಒಂದು ಹೆಚ್ಚುವರಿ ಸ್ಕ್ಯಾನರ್, ಸಾಲಿನ ಬಾಲದಲ್ಲಿ ಕನ್ನಡ, ಹಿಂದಿ ಎರಡೂ ಮಾತಾಡುವ ಒಬ್ಬರು: ಈ ಪಟ್ಟಿಗೆ ಸಹಿ ಬೀಳದೆ ಗೇಟ್ ತೆರೆಯಬಾರದು.