ಕುಲುಮೆಯ ಮಾಡಿನ ಹಂಚು

ಇವತ್ತು ಗೋವಾದ ಫೋಂಡಾದಲ್ಲಿ ನಮ್ಮ ಕಟ್ಟಡದ ಮಾಡಿನ ಹಂಚು ಇಳಿಸಿದೆವು. ಈಗ ಮನೆ ಅನ್ನುತ್ತೇವೆ. ಮೊನ್ನೆವರೆಗೂ ಅದು ಕಮ್ಮಾರರ ಕುಲುಮೆ.

ಒಂದು ಹಂಚಿನ ಮಸಿ ಒರೆಸಿದೆ. ಅಡಿಯಲ್ಲಿ ‘ಮಂಗಳೂರು’ ಅಂತ ಅಚ್ಚು! ಸುಮ್ನೆ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ನಮ್ಮೂರಿನ ಮಣ್ಣು. ನೇತ್ರಾವತಿ ದಂಡೆಯದೇ ಇರಬೇಕು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಲ್ಲಿ ಶುರು ಮಾಡಿದ ಹಂಚಿನ ಕೆಲಸ, ನನಗಿಂತ ಎಷ್ಟೋ ಮೊದಲೇ ಗೋವಾಕ್ಕೆ ಬಂದು ಕೂತಿದೆ.

ಮೇಸ್ತ್ರಿ “ಶೀಟ್ ಹಾಕಿ, ಬೇಗ ಮುಗಿಯುತ್ತೆ” ಅಂದರು. ನಾನು ಒಪ್ಪಲಿಲ್ಲ. ಹಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ಬೆಂಕಿಯ ಮುಂದೆ ಕಮ್ಮಾರರು ದಿನವಿಡೀ ಕೂತಿದ್ದು ಇದರಡಿಯಲ್ಲೇ ಅಲ್ವಾ?

ಗೋಡೆ ಚಿರೆಕಲ್ಲಿನದು, ಅಂದರೆ ಕೆಂಪು ಮುರಕಲ್ಲಿನದು. ಅದಕ್ಕೆ ಸುಣ್ಣದ ಗಾರೆಯೇ ಸರಿ, ತೇವ ಆರಲಿಕ್ಕೆ ದಾರಿ ಬೇಕು.

ಆ ಹಂಚು ಅಡುಗೆಮನೆಗೆ, ಒಲೆಯ ನೇರ ಮೇಲೆ. ಉಳಿದ ಮಸಿ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.